ಜುಲೈ ಇಪ್ಪತ್ತರ ಚೌಕ

ಬೆಳಗಿನ ಪತ್ರಿಕೆಯಲ್ಲಿ ನಾನು ಮೊದಲು ಓದುತ್ತಿದ್ದದ್ದು ‘ಇತಿಹಾಸದಲ್ಲಿ ಈ ದಿನ’ ಎಂಬ ಮೂಲೆಯನ್ನು. ಅದೂ ಗಟ್ಟಿಯಾಗಿ. ಹತ್ತನೇ ತರಗತಿಗೆ ನಿಂತುಹೋದ ವಿದ್ಯೆಗೆ ಅಷ್ಟಾದರೂ ಸಭೆ ಬೇಕಲ್ಲ! ಮೂವತ್ತು ವರ್ಷ ಆ ಸಭೆಯೆಂದರೆ ನನ್ನ ಹೆಂಡತಿ ಗಿರಿಜ. ಕುಂದಾಪುರದ ನಮ್ಮ ಅಡುಗೆಮನೆಯಲ್ಲಿ ತೆಂಗಿನಕಾಯಿ ತುರಿಯುತ್ತ ಕೇಳುವಳು. ಮೊದಲ ವಿಮಾನ ಹಾರಿದ ದಿನವೆಂದರೆ, “ಹೌದಾ? ಅದ್ರಂಗೆ ಎಷ್ಟ್ ಜನ ಕೂಕಂಡಿದ್ರ್?” ಎನ್ನುವಳು. ನಾನು ಆ ವಿಮಾನದಿಂದ ಈಗಷ್ಟೇ ಇಳಿದವನಂತೆ ವಿವರಿಸುತ್ತಿದ್ದೆ.

ತಾರೀಕುಗಳ ಕೆಲಸ ಅವಳಿಗೂ ಇತ್ತು. ಹೊಸ ಕ್ಯಾಲೆಂಡರ್ ಬಂದ ಕೂಡಲೇ, ಹಳೆಯದರಲ್ಲಿ ಪೆನ್ಸಿಲಿನಿಂದ ಬರೆದದ್ದನ್ನು ಹೊಸದರ ಚೌಕಗಳಿಗೆ ಇಳಿಸುವಳು: ಮಕ್ಕಳ ಹುಟ್ಟುಹಬ್ಬ, ಬಾವಿ ತೊಳೆಸುವುದು, ನಾಗನ ಕಲ್ಲಿಗೆ ಹಾಲೆರೆದು ತನು ಹಾಕುವುದು. ಆಮೇಲೆ ಅದನ್ನು ಅದೇ ಮೊಳೆಗೆ, ಹಳೆಯದರ ಮೇಲೆಯೇ ತೂಗಿಸುವಳು. ದೇವರ ಪಟ ಇರುವುದನ್ನು ಬಿಸಾಡುವುದು ಹೇಗೆ? ನಮ್ಮ ಗೋಡೆಯ ಮೇಲೆ ವರ್ಷಗಳು ದಪ್ಪವಾಗುತ್ತ ಹೋದವು. ಲೋಕದ ಇತಿಹಾಸ ಓದುವ ನಾನು ಅವನ್ನು ಒಮ್ಮೆಯೂ ಮಗುಚಿ ನೋಡಿದವನಲ್ಲ.

ಈ ಮೇ ಇಪ್ಪತ್ತೊಂಬತ್ತಕ್ಕೆ ಗಿರಿಜ ತೀರಿಕೊಂಡಳು. ಆಮೇಲೆ ಪತ್ರಿಕೆಯ ಮೂಲೆಯನ್ನೂ ಓದಲಿಲ್ಲ, ಕ್ಯಾಲೆಂಡರಿನ ಕಡೆಗೂ ಹೋಗಲಿಲ್ಲ.

ಮೊನ್ನೆ ಅವಳ ತಂಗಿ ಜಲಜ ಗಂಗೊಳ್ಳಿಯಿಂದ ಬಂದವಳು ಗೋಡೆ ನೋಡಿ ಸೊಂಟಕ್ಕೆ ಕೈಯಿಟ್ಟಳು.

“ಹ್ವಾಯ್ ಭಾವ, ಊರಿಗೆಲ್ಲ ಜುಲೈ ಇಪ್ಪತ್ತ್. ನಿಮ್ಗ್ ಮಾತ್ರ ಮೇ ಮುಗಿಲಿಲ್ಯಾ?”

ಎರಡು ಹಾಳೆ ಮಗುಚಿದಳು. ಕೈ ಅಲ್ಲಿಯೇ ನಿಂತಿತು.

“ಅಕ್ಕ ಎಂತದೋ ಬರ್ದಿತ್ತ್, ಕಾಣಿ.”

ಆ ದಿನದ ಚೌಕದಲ್ಲಿ ಗಿರಿಜಳ ಸಣ್ಣ ಅಕ್ಷರ: ‘ಚಂದ್ರನ ಮೇಲೆ ಇಳಿದದ್ದು. ಗೊತ್ತಿಲ್ಲದವಳ ಹಾಗೆ ಕೇಳಬೇಕು.’

ಮೊದಲು ನಾಚಿಕೆಯಾಯಿತು. ಆಮೇಲೆ ದಿನ ಎಣಿಸಿದೆ. ಬರೆದ ಕೈ ಇಲ್ಲವಾಗಿ ಐವತ್ತೆರಡು ದಿನ ಕಳೆದಿವೆ. ಬರೆದದ್ದು ಮಾತ್ರ ಇವತ್ತಿಗೆ.

ಹಾಳೆ ಹಿಂದಕ್ಕೆ ಮಗುಚಿ ಮೇ ತಿಂಗಳಿಗೆ ಮರಳಿದೆ. ಇಪ್ಪತ್ತೊಂಬತ್ತರಲ್ಲಿ: ‘ಎವರೆಸ್ಟ್. ಹತ್ತಿದವರು ಇಳಿದರಾ, ಕೇಳಬೇಕು.’

ಆ ಬೆಳಿಗ್ಗೆ ಅವಳು ಕೇಳಿದ್ದು ಅದನ್ನೇ. ನಾನು ನಕ್ಕು, ಉತ್ತರ ಕೊಡದೆ ಗೇಟಿನಿಂದ ಹಾಲು ತರಲು ಹೋದೆ. ಬರುವಷ್ಟರಲ್ಲಿ ತುರಿಮಣೆಯ ಪಕ್ಕ ಒರಗಿದ್ದಳು. ನಲ್ಲಿ ಸುರಿಯುತ್ತಲೇ ಇತ್ತು. ಆ ಕೊನೆಯ ಮಾತಿಗೆ ನಾನು ಏನೇನೋ ಅರ್ಥ ಹಚ್ಚಿ ನಿದ್ದೆಗೆಟ್ಟಿದ್ದೆ. ಈಗ ಅಡಿಯಲ್ಲಿದ್ದ ಹೋದ ವರ್ಷದ ಕ್ಯಾಲೆಂಡರ್ ಎತ್ತಿ ನೋಡಿದರೆ ಅದೇ ಚೌಕ, ಅದೇ ಪ್ರಶ್ನೆ. ಅದರಡಿಯದರಲ್ಲೂ ಅದೇ. ಪ್ರತಿ ವರ್ಷ ಕೇಳಿದ್ದಾಳೆ. ಪ್ರತಿ ವರ್ಷ ಮರೆತಿದ್ದೇನೆ.

“ನಂಗ್ ಹೆದ್ರಿಕಿ ಆತ್ತ್ ಮಾರಾಯ್ರೆ,” ಎಂದಳು ಜಲಜ. “ಡಿಸೆಂಬರ್ ತನ್ಕ ಒಂದೇ ಸಲ ಕಂಡ್ ಮುಗ್ಸುವ.” ಆಗಸ್ಟಿಗೆ ಕೈ ಹಾಕಿದಳು.

ನಾನು ಹಾಳೆಯನ್ನು ಗೋಡೆಗೆ ಒತ್ತಿ ಹಿಡಿದೆ. ಗಿರಿಜ ಇನ್ನೂ ಐದು ತಿಂಗಳು ಮಾತಾಡುವುದಿದೆ. ಈಗಲೇ ನೋಡಿಬಿಟ್ಟರೆ ಇವತ್ತೇ ಮುಗಿಯಿತು.

“ಬ್ಯಾಡ. ಆಯಾ ದಿನದ್ದ್ ಆಯಾ ದಿನ ಬರ್ಲಿ.”

“ಜನವರಿಗೆ ಎಂತ ಮಾಡ್ತ್ರಿ?”

ನಾನು ಹಾಳೆಯಿಂದ ಕೈ ತೆಗೆಯಲಿಲ್ಲ. ಜಲಜ ಒತ್ತಾಯಿಸಲಿಲ್ಲ. ಚಾಕ್ಕೆ ನೀರಿಟ್ಟು, ನನಗೆ ಬೆನ್ನು ಹಾಕಿಯೇ ಕೇಳಿದಳು: “ಅದ್ ಎಂತ ಭಾವ, ಚಂದ್ರನ್ ಸುದ್ದಿ?”

ಹೇಳತೊಡಗಿದೆ. ಇವಳಿಗೂ ಗೊತ್ತಿದೆ ಎಂಬುದು ಅರ್ಧದಲ್ಲೇ ತಿಳಿಯಿತು. ಆದರೂ ಒಂದೂ ಬಿಡದೆ, ಪೂರ್ತಿ ಹೇಳಿದೆ.