ಬದಲಿಗೆ ಒಬ್ಬಳು

ಸಾರ್ಡೀನಿಯಾ ದ್ವೀಪದ ಗೋಧಿಯಿಂದ ರೋಮಿನ ಹೊಟ್ಟೆ ತುಂಬುತ್ತಿತ್ತು. ಆ ಗೋಧಿ ಬೀಸುವ ಬೋನೋಸಳಿಗೆ ಮಾತ್ರ ಜವೆಗೋಧಿಯ ಅಂಬಲಿಯೇ ಗತಿ. ಹುಟ್ಟಿದ್ದು ತೊತ್ತಿನ ಹೊಟ್ಟೆಯಲ್ಲಿ, ಬೆಳೆದದ್ದು ಬೀಸುಕಲ್ಲಿನ ಬುಡದಲ್ಲಿ. ಗಂಡ ಚಳಿಜ್ವರಕ್ಕೆ ತೀರಿಹೋದ. ಚಕ್ರವರ್ತಿಯ ದೊಡ್ಡ ಜಮೀನನ್ನು ಸಿರಿವಂತರಿಗೆ ಹಂಚಿಕೊಟ್ಟಾಗ ದನ ಹಂಚಿದ ಹಾಗೆ ಆಳುಗಳನ್ನೂ ಹಂಚಿದರು. ತಾಯಿ ಇಲ್ಲೇ ಉಳಿದಳು, ಆಗತಾನೇ ಮಾತು ಕಲಿತಿದ್ದ ಮಗ ತೋರ್ಬೆನ್ ಕಡಲದಂಡೆಯ ಥಾರೋಸಿನ ಉಪ್ಪಿನ ಮಡಿಗಳಿಗೆ ಹೋದ. ಹಾಳಾದವರು, ಕರುವನ್ನಾದರೂ ಹಾಲು ಬಿಡಿಸುವ ತನಕ ತಾಯಿ ಹತ್ತಿರ ಬಿಡುತ್ತಾರೆ.

ಮರುವರ್ಷ ಕಣದ ಹೊಟ್ಟಿನ ರಾಶಿಯಲ್ಲಿ ಯಾರೋ ಹೆತ್ತು ಎಸೆದ ಹೆಣ್ಣುಕೂಸು ಸಿಕ್ಕಿತು. ಇನ್ವೆಂತಾ ಅಂತ ಕರೆದರು, ಸಿಕ್ಕವಳು ಅಂತ. ಬೋನೋಸ ಬಟ್ಟೆಯನ್ನು ಆಡಿನ ಹಾಲಲ್ಲಿ ಅದ್ದಿ ಚೀಪಿಸಿ ಬದುಕಿಸಿದಳು. ಬೆಳೆದ ಮೇಲೆ ಅದರ ಬಾಯೋ ಬಾಯಿ. "ಅವ್ವ, ನಿನ್ನ ಗೊರಕೆ ಕೇಳಿ ಬೀಸುಕಲ್ಲಿನ ಕತ್ತೇನೇ ಬೆಚ್ಚಿಬೀಳುತ್ತೆ ಕಣೇ" ಅಂತ ಛೇಡಿಸುವಳು. ಬೋನೋಸಳ ಬದುಕಿನಲ್ಲಿ ನಗು ಅಂತ ಇದ್ದದ್ದು ಅದೊಂದೇ.

ಅಷ್ಟರಲ್ಲಿ ಚಕ್ರವರ್ತಿ ಶಿಲುಬೆಯ ದೇವರನ್ನು ನಂಬಿದ. ಊರಿಗೊಬ್ಬ ಪಾದ್ರಿ ಬಂದ. ಹಿಂದೆಯೇ ಒಂದು ಆಜ್ಞೆ ಬಂತು: ಹಂಚಿಕೆಯಲ್ಲಿ ಅಗಲಿದ ತಾಯಿಮಕ್ಕಳನ್ನು, ಗಂಡಹೆಂಡಿರನ್ನು ಮತ್ತೆ ಒಬ್ಬನೇ ಒಡೆಯನ ಕೈಕೆಳಗೆ ಸೇರಿಸಬೇಕು. ಬಿಡುಗಡೆಯಲ್ಲ, ಬರೀ ಸೇರಿಸುವುದು. ಆ ಕರುಣೆಯನ್ನು ನಮ್ಮ ಪಾದ್ರಿಗಳು ಈಗಲೂ ಹಬ್ಬಹಬ್ಬಕ್ಕೂ ಹೊಗಳುತ್ತಾರೆ. ಹೊಗಳಲಿ. ಬೋನೋಸಳೂ ಅವತ್ತು ನೆಲಕ್ಕೆ ಹಣೆ ಹಚ್ಚಿ ಹೊಗಳಿದವಳೇ.

ಆಳುಗಳ ಮೇಸ್ತ್ರಿ ಗವೀನ, ತಾನೂ ಗುಲಾಮನೇ, ಬುದ್ಧಿ ಹೇಳಿದ: "ನೋಡು ಬೋನೋಸಕ್ಕ, ಆಸೆಗೆ ಬಿದ್ದು ಹುಡುಗೀನೂ ನಾನೇ ಹೆತ್ತಿದ್ದು ಅನ್ಬೇಡ. ಯಾರಾದ್ರೂ ಚಾಡಿ ಹೇಳಿದ್ರೆ ಮಗನೂ ಕೈತಪ್ಪಿ ಹೋಗ್ತಾನೆ. ಅವಳೆಲ್ಲಿಗೆ ಹೋಗ್ತಾಳೆ, ಇಲ್ಲೇ ಇರ್ತಾಳಲ್ಲ."

ದ್ವೀಪದ ರಾಜಧಾನಿ ಕಾರಾಲಿಸಿನಿಂದ ಬಂದ ಅಧಿಕಾರಿ ಬೋನೋಸಳ ಕೈಯನ್ನು ಶಿಲುಬೆಯ ಮೇಲೆ ಇಡಿಸಿದ. "ಮಗನನ್ನ ಬಿಟ್ರೆ ನಿನ್ನವರು ಅಂತ ಇನ್ಯಾರಿದ್ದಾರೆ?"

ಇನ್ವೆಂತಾ ಬಾಗಿಲಲ್ಲೇ ನಿಂತಿದ್ದಳು. ಹಳೇ ದೇವರಾಗಿದ್ದರೆ ಬೋನೋಸ ಬಾಯಿಗೆ ಬಂದ ಸುಳ್ಳು ಹೇಳಿ, ಆಮೇಲೊಂದು ಹುಂಜ ಕೊಯ್ದು ತಪ್ಪು ಕಳೆದುಕೊಳ್ಳಬಹುದಿತ್ತು. ಈ ಹೊಸ ದೇವರು ಹುಂಜ ಮುಟ್ಟುವುದಿಲ್ಲವಂತೆ.

"ಯಾರೂ ಇಲ್ಲ ಸ್ವಾಮಿ."

"ಆ ಹುಡುಗಿ?"

"ಕಣದಲ್ಲಿ ಸಿಕ್ಕಿದ್ದು."

"ಸರಿಹೋಯ್ತು ಬಿಡು" ಅಂದ ಅಧಿಕಾರಿ. ಆಳು ಕಳಕೊಂಡ ಒಡೆಯನಿಗೆ ಬದಲಿ ಆಳು ಕೊಡಬೇಕು ಅಂತಲೂ ಅದೇ ಆಜ್ಞೆಯಲ್ಲಿತ್ತು. ಹಿಂದೆಮುಂದೆ ಯಾರೂ ಇಲ್ಲದವಳನ್ನು ಕೊಟ್ಟರೆ ಯಾರನ್ನೂ ಅಗಲಿಸಿದ ಹಾಗಾಗುವುದಿಲ್ಲ, ನೋಡಿ. "ಅವನು ಬರ್ತಾನೆ, ಇವಳು ಹೋಗ್ತಾಳೆ."

ಬೋನೋಸ ಅವನ ಕಾಲು ಹಿಡಿದಳು. "ನನ್ನ ಮಗಳೇ ಸ್ವಾಮಿ, ಹೆತ್ತದ್ದು ನಾನೇ. ಆಗ ಹೇಳಿದ್ದು ಸುಳ್ಳು."

"ಈಗ ಹೇಳ್ತಿರೋದು ಸುಳ್ಳು" ಅಂದ ಪಕ್ಕದಲ್ಲಿದ್ದ ಪಾದ್ರಿ, ಮೆತ್ತಗೆ. "ಆಣೆ ಆಗಿಹೋಯ್ತು ತಾಯಿ." ಕೆಟ್ಟವನಲ್ಲ ಅವನು, ಕಣ್ಣಲ್ಲಿ ನೀರೂ ಇತ್ತು. ಏನು ಮಾಡೋಣ ಆ ನೀರನ್ನು?

ಉಪ್ಪಿನ ಗಾಡಿ ಬಂತು. ಉಪ್ಪಿಗೆ ಒಡೆದ ಎರಡು ಪಾದ ಕೆಳಗಿಳಿದವು. ಅದೇ ಗಾಡಿಗೆ ಇನ್ವೆಂತಾಳನ್ನು ಹತ್ತಿಸಿದರು. ಅವಳು ಅಳಲಿಲ್ಲ. "ನಾನು ಯಾರೂ ಅಲ್ವಲ್ಲ, ಮತ್ಯಾಕೆ ಅಳ್ತೀಯ?" ಅಂದಳು. ಅವ್ವ ಅನ್ನಲಿಲ್ಲ.

ಗಾಡಿ ಮರೆಯಾದ ಮೇಲೆ ತಾಯಿಮಗ ಗುಡಿಸಲಲ್ಲಿ ಕೂತರು. ಬೋನೋಸ ಒಲೆಯ ಕಡೆ ತಿರುಗಿಕೊಂಡೇ ರೊಟ್ಟಿ ಮುರಿದು ಹಿಂದಕ್ಕೆ ಸರಿಸಿದಳು.

"ಅಲ್ಲಿ ನಿನ್ನ ಸಾಕಿದೋರು ಯಾರಪ್ಪ?"

"ದೊನಾತಾ ಅಂತ. ಅವ್ವ ಅಂತಿದ್ದೆ."

"ಒಳ್ಳೆಯೋಳಾ? ನಮ್ಮ ಹುಡುಗೀನ ಚೆನ್ನಾಗಿ ನೋಡ್ಕೋತಾಳಾ?"

ತೋರ್ಬೆನ್ ರೊಟ್ಟಿ ಮುಟ್ಟಿರಲಿಲ್ಲ. "ಒಳ್ಳೆಯೋಳೇ. ಆದ್ರೆ ನಿನ್ನ ಬದಲಿಗೆ ಬರೋರ ಮುಖ ನಾನು ನೋಡಲ್ಲ ಅಂದ್ಳು."

ಬೋನೋಸ ಆಗ ತಿರುಗಿ ಮಗನ ಮುಖ ನೋಡಿದಳು. ಗಾಡಿಯಿಂದ ಇಳಿದಾಗಿನಿಂದ ಅವಳೂ ನೋಡಿರಲಿಲ್ಲ.