ಮಾತಿಗೊಂದು ಪರವಾನಗಿ

ಧಾರವಾಡದಲ್ಲಿ ಮನಶ್ಶಾಸ್ತ್ರದ ಎಂ.ಎ. ಮುಗಿಸಿ ನಾನು ಸಿಂದಗಿಗೆ ಬಂದಾಗ ತೊಂಬತ್ತರ ದಶಕದ ಕೊನೆ. ನಮ್ಮಪ್ಪನ ಗೊಬ್ಬರದ ಅಂಗಡಿಯ ಮೇಲೊಂದು ಖೋಲಿ ಖಾಲಿಯಿತ್ತು. ಅಲ್ಲಿ ಕೂತು ಮಂದಿಯ ಸಂಕಟ ಕೇಳುತ್ತೇನೆ ಅಂದೆ. ಊರಲ್ಲಿ ಸಂಕಟಕ್ಕೇನೂ ಬರವಿರಲಿಲ್ಲ. ರೊಕ್ಕ ಕೊಟ್ಟು ಅದನ್ನು ಹೇಳಿಕೊಳ್ಳುವ ರೂಢಿ ಮಾತ್ರ ಇರಲಿಲ್ಲ.

ಅಪ್ಪ ಕೇಳಿದ, "ಅಲ್ಲವಾ, ಗೊಬ್ಬರ ಮಾರಾಕ ಲೈಸೆನ್ಸ್ ಬೇಕು. ಮಂದಿ ತಲ್ಯಾಗ ಕೈ ಹಾಕಾಕ ಬ್ಯಾಡೇನು?"

ಪುರಸಭೆಗೆ ಹೋದೆ. ಗುಮಾಸ್ತರು ತಲೆಯೆತ್ತದೆ, "ಏನ್ ಮಾರ್ತೀರಿ?" ಅಂದರು.

"ಏನೂ ಮಾರೂದಿಲ್ರಿ. ಮಂದಿ ಮಾತು ಕೇಳ್ತೇನಿ."

"ಹೊಗಿ, ವಾಸನಿ, ಸಪ್ಪಳ ಏನರ ಬರ್ತೈತೇನ್ರಿ?"

"ಅಳೂ ಸಪ್ಪಳ ಬರಬಹುದು."

ಈಗ ತಲೆಯೆತ್ತಿದರು. "ಮಾತಿಗೆಲ್ಲಾ ಲೈಸೆನ್ಸ್ ಅಂದ್ರ ಮೊದಲ ನಮ್ಮ ಮೆಂಬರಗೋಳ ಬಾಯಿ ಮುಚ್ಚಸಬೇಕಾಕ್ಕೈತಿ. ಹೋಗಿ ಬರ್ರಿ."

ಬಿಜಾಪುರದ ಮನೋರೋಗದ ಡಾಕ್ಟರರನ್ನು ಕೇಳಿದೆ. ವಯಸ್ಸಾದವರು, ನಶ್ಯ ಏರಿಸಿ ಸಾವಕಾಶ ಹೇಳಿದರು. "ಬರೇ ಸಲಹಾ ಕೊಡಾಕ ನಮ್ಮ ರಾಜ್ಯದಾಗ ಯಾವ ಲೈಸೆನ್ಸೂ ಇಲ್ಲ. ಚಿಕಿತ್ಸಾ ಮಾಡ್ತೇನಿ ಅಂದ್ರ ಮಾತ್ರ ದೊಡ್ಡ ಆಸ್ಪತ್ರ್ಯಾಗ ಎರಡ ವರ್ಷ ಹಿರ್‍ಯಾರ ಕೈಕೆಳಗ ಕಲೀಬೇಕು, ಆಮ್ಯಾಲ ದಿಲ್ಲ್ಯಾಗ ಹೆಸರು ನೋಂದಾಸಬೇಕು."

"ಅಂದ್ರ ಸಲಹಾ ಯಾರ ಬೇಕಾದ್ರೂ ಕೊಡಬಹುದ್ರೀ?"

"ಕೊಡಾಕತ್ತಾರಲ್ಲ! ಯಾವುದರ ಕಟಿಂಗ್ ಅಂಗಡ್ಯಾಗ ಹೋಗಿ ಕೂಡ್ರಿ."

ನನಗೆ ಖುಷಿಯೋ ಖುಷಿ. ನಾಳೆಯೇ ಬೋರ್ಡು ಹಾಕುತ್ತೇನೆ ಅಂದೆ. "ಹಾಕ್ರಿ. ಅದಕ್ಕೂ ಮೊದಲ ಒಂದ ದಿನ ನನ್ನ ಬಾಜೂ ಕೂಡ್ರಿ," ಅಂದರು.

ಆ ದಿನ ತಾಂಬಾ ಅನ್ನುವ ಹಳ್ಳಿಯಿಂದ ಅತ್ತೆಯೊಬ್ಬಳು ಸೊಸೆಯನ್ನು ಕರೆತಂದಿದ್ದಳು. ಸೊಸೆಗೆ ನಿದ್ದೆಯಿಲ್ಲ, ಊಟ ಸೇರುವುದಿಲ್ಲ. ಅತ್ತೆಯನ್ನು ಹೊರಗೆ ಕೂರಿಸಿದ ಡಾಕ್ಟರರು ನನಗೆ ಕಣ್ಣಲ್ಲೇ ಶುರು ಮಾಡ್ರಿ ಅಂದರು. ಶುರು ಮಾಡಿದೆ ನೋಡಿ! ದುಃಖದ ಹಂತಗಳು, ಉಸಿರಾಟ, ಧೈರ್ಯ, ಎಂ.ಎ. ಪೂರ್ತಿ ಅವಳ ತಲೆಯ ಮೇಲೆ ಸುರಿದೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಅಂದಳು:

"ಅಕ್ಕಾರ, ಎಲ್ಲಾ ನೀವ ಮಾತಾಡಿದ್ರ ನಾ ಯಾವಾಗ ಮಾತಾಡ್ಲಿ?"

ಡಾಕ್ಟರರು ನಗಲಿಲ್ಲ. ನಾನು ಬಾಯಿ ಮುಚ್ಚಿದೆ. ಆಗ ಅವಳು ಹೇಳಿದಳು. ಕೂಸು ಹುಟ್ಟುತ್ತಲೇ ಹೋಗಿತ್ತು. ಮನೆಯಲ್ಲಿ ಒಬ್ಬರೂ ಅದರ ಮಾತೆತ್ತಿರಲಿಲ್ಲ. "ತಲಿ ತುಂಬ ಕೂದಲಿತ್ರಿ," ಅಂದಳು, ಮತ್ತೆ ಬಹಳ ಹೊತ್ತು ಅತ್ತಳು. ನಾವಿಬ್ಬರೂ ಕೂತೇ ಇದ್ದೆವು. ಹೊರಗೆ ಅತ್ತೆ, "ಸೂಜಿ ಮಾಡಲಿಲ್ಲೇನ್ರಿ?" ಅಂತ ಸಿಟ್ಟಾದಳು. ಆದರೂ ಸೊಸೆಯನ್ನು ಮತ್ತೆ ಮತ್ತೆ ಕರೆತಂದಳೆಂದು ಡಾಕ್ಟರರು ಆಮೇಲೆ ಹೇಳಿದರು. ನಿದ್ದೆ ಬರತೊಡಗಿತ್ತಂತೆ.

ನಾನು ಬೋರ್ಡಿನ ಮಾತು ಬಿಟ್ಟು ಬೆಂಗಳೂರಿನ ಬಸ್ಸು ಹತ್ತಿದೆ. ಅಲ್ಲಿನ ದೊಡ್ಡ ಆಸ್ಪತ್ರೆಯಲ್ಲಿ ಎರಡು ವರ್ಷ ಹಿರಿಯರಿಂದ ಬೈಸಿಕೊಂಡೇ ಸುಮ್ಮನಿರುವುದನ್ನು ಕಲಿತೆ, ದಿಲ್ಲಿಯಲ್ಲಿ ಹೆಸರು ನೋಂದಾಯಿಸಿಕೊಂಡೆ, ಸಿಂದಗಿಗೆ ಬಂದು ಪೇಂಟರನಿಗೆ ಬೋರ್ಡು ಬರೆಯಲು ಹೇಳಿದೆ. ಪುಣ್ಯಾತ್ಮ 'ಆಪ್ತ ಸಲಹೆಗಾರ್ತಿ' ಅನ್ನುವ ಬದಲು ದೊಡ್ಡ ಕೆಂಪಕ್ಷರದಲ್ಲಿ 'ಆಪ್ತ ಸಾಲಗಾರ್ತಿ' ಅಂತ ಬರೆದಿದ್ದ.

ಮೊದಲ ದಿನ ರುಮಾಲು ಸುತ್ತಿದ ಹಿರಿಯರೊಬ್ಬರು ಮೆಟ್ಟಿಲು ಹತ್ತಿ ಬಂದು ಬಡ್ಡಿ ಎಷ್ಟು ಅಂತ ಕೇಳಿದರು.

"ಇಲ್ಲಿ ಸಾಲ ಕೊಡೂದಿಲ್ರಿ ಕಾಕಾ. ಮಾತು ಕೇಳ್ತೇವಿ ಅಷ್ಟ."

ಅವರು ಖೋಲಿಯನ್ನೊಮ್ಮೆ ನೋಡಿ ಕುರ್ಚಿ ಎಳೆದುಕೊಂಡರು. "ಹಂಗಾರ ಕೇಳವಾ. ಬಸ್ಸಿಗಿ ಇನ್ನೂ ಟೈಮ್ ಐತಿ."