ಲೆಂಪಿಯ ತೂಕದ ಚೀಲ

ಯಲ್ಮರಿಯ ಹೆಸರು ನನ್ನ ಕಿವಿಗೆ ಮೊದಲು ಬಿದ್ದದ್ದು ಬೈಗುಳದ ಜೊತೆಗೆ, ೧೯೮೪ರ ಮೇ ತಿಂಗಳಲ್ಲಿ. ನನ್ನ ಗಂಡ ಒನ್ನಿ ಸರ್ಕಾರದ ಗ್ರೇಡರ್ ಓಡಿಸುತ್ತಿದ್ದ. ಹಿಮ ಕರಗಿ ಕೆಸರಾಗಿ, ಕೆಸರು ಒಣಗಿ ಹಲ್ಲುಹಲ್ಲಾದ ನಮ್ಮ ಜಲ್ಲಿ ರಸ್ತೆಗಳನ್ನು ಕೆರೆದು ಮಟ್ಟ ಮಾಡುವುದು ಅವನ ಕೆಲಸ. ಆ ದಿನ ಊಟಕ್ಕೆ ಬಂದವನು ಟೋಪಿಯನ್ನು ಮೇಜಿನ ಮೇಲೆ ಕುಕ್ಕಿದ.

“ಇಪ್ಪತ್ತು ವರ್ಷದಿಂದ ರಸ್ತೆ ಮಾಡ್ತಿದೀನಿ ಸೈಮಾ. ಬೇಗ ಮಾಡು ಅಂತ ಬೈದೋರಿದಾರೆ, ಚೆನ್ನಾಗಿ ಮಾಡಿಲ್ಲ ಅಂತ ಬೈದೋರಿದಾರೆ. ಮಾಡ್ಲೇಬೇಡ ಅಂತ ಗ್ರೇಡರಿಗೆ ಅಡ್ಡ ನಿಂತೋನು ಇವನೊಬ್ಬನೇ!”

“ಯಾರದು?”

“ಗಿರಣಿ ಹತ್ರ ಹೊಸದಾಗಿ ಬಂದಿದಾನಲ್ಲ, ಯಲ್ಮರಿ. ಕಾರಿನ ಸ್ಪ್ರಿಂಗು, ಶಾಕ್ ಅಬ್ಸಾರ್ಬರು ಬಿಚ್ಚಿ ಹಾಕೋನು. ಗಿರಣಿಯಿಂದ ಸರೋವರದ ತಿರುವಿನ ತನಕ ಮುಟ್ಬೇಡಪ್ಪ, ಕಾರು ಪರೀಕ್ಷೆ ಮಾಡೋಕೆ ಇಷ್ಟು ಒಳ್ಳೆ ಕೆಟ್ಟ ರಸ್ತೆ ನನಗೆಲ್ಲೂ ಸಿಗಲ್ಲ ಅಂತಾನೆ.”

ಬೈಯುತ್ತಲೇ ಒನ್ನಿ ಅಷ್ಟು ದೂರ ಬಿಟ್ಟುಕೊಟ್ಟ. ಗಂಡಸರ ಸ್ನೇಹ ಹೀಗೆಲ್ಲ ಶುರುವಾಗುತ್ತದೆ. ಆ ಶನಿವಾರವೇ ಯಲ್ಮರಿ ನಮ್ಮ ಮನೆಯ ಸೌನಾದ ಬಿಸಿಹಬೆ ಕೋಣೆಯಲ್ಲಿ ಕೂತು ಬೆವರುತ್ತಿದ್ದ.

ನಮ್ಮ ಕಡೆ ಬೇಸಿಗೆಯಲ್ಲಿ ಜಲ್ಲಿ ರಸ್ತೆಯ ಮೇಲೆ ಕಾರಿನ ಪಂದ್ಯ ನಡೆಯುತ್ತದೆ. ಯಲ್ಮರಿ ಒಂದು ಪಂದ್ಯವನ್ನೂ ಓಡಿಸಿದವನಲ್ಲ. ಓಡಿಸುವವರು ಅವನ ಕೊಟ್ಟಿಗೆಗೆ ಬರುತ್ತಿದ್ದರು. ನಾಲ್ಕೂ ಗಾಲಿಗೆ ಎಳೆತ ಇರುವ ಕಾರುಗಳು ಆಗಿನ್ನೂ ಹೊಸವು. ಕೆಸರಲ್ಲಿ, ಹಿಮದಲ್ಲಿ ಹೂತುಕೊಳ್ಳುವುದಿಲ್ಲ, ಆದರೆ ತಿರುವಿನಲ್ಲಿ ಮೂತಿ ಭಾರ, ಹೇಳಿದ ಮಾತು ಕೇಳುವುದಿಲ್ಲ. ಅಂಥವನ್ನು ಪಳಗಿಸುವುದೇ ಅವನ ಕಸುಬು. ಮೆತ್ತಗಿನ ಸ್ಪ್ರಿಂಗ್ ಹಾಕಿದರೆ ಕಾರು ತಿರುವಿನಲ್ಲಿ ವಾಲುತ್ತದೆ. ಗಟ್ಟಿಯದು ಹಾಕಿದರೆ ಕುಕ್ಕುತ್ತದೆ, ಗಾಲಿ ನೆಲ ಬಿಡುತ್ತದೆ. ನಡುವೆ ಎಲ್ಲೋ ಒಂದು ಕಡೆ ಸರಿ ಇರುತ್ತದೆ. “ಗಾಲಿ ಕುಣೀಲಿ, ಮೈ ಕುಣೀಬಾರ್ದು” ಎನ್ನುತ್ತಿದ್ದ. ಕೆಲಸ ಮುಗಿದ ಮೇಲೆ ಪಕ್ಕದಲ್ಲಿ ಕೂತವರ ಮಡಿಲಲ್ಲಿ ಮರದ ಬಟ್ಟಲಿಟ್ಟು, ಅದರ ತುಂಬ ಮಜ್ಜಿಗೆ ಹುಯ್ದು, ಆ ಕೆಟ್ಟ ರಸ್ತೆಯಲ್ಲಿ ಓಡಿಸುತ್ತಿದ್ದ. ಚೆಲ್ಲಿದರೆ ಮತ್ತೆ ಎಲ್ಲ ಬಿಚ್ಚುವುದು. ಅವನ ಕಾರಿನಲ್ಲಿ ಕೂತು ಬಂದವರೆಲ್ಲ ಹುಳಿ ನಾರುತ್ತಿದ್ದರು.

ಇನ್ನೊಂದು ಪದ್ಧತಿಯೂ ಇತ್ತು. ಯಾರು ಕೂರುತ್ತಾರೋ ಅವರ ತೂಕವನ್ನು ಸೀಟಿನ ಮೇಲಿಟ್ಟುಕೊಂಡೇ ಅಳತೆ ಹಿಡಿಯುವುದು. ಮನುಷ್ಯ ಸಿಗದಿದ್ದರೆ ಅಷ್ಟೇ ತೂಕದ ಆಲೂಗಡ್ಡೆ ಚೀಲ.

ಅವನ ಹೆಂಡತಿ ಲೆಂಪಿ ಅಂಚೆ ಹಂಚುತ್ತಿದ್ದಳು. ಗಟ್ಟಿ ಆಳು, ನಕ್ಕರೆ ಸರೋವರದ ಆಚೆ ದಡಕ್ಕೆ ಕೇಳಿಸುವುದು. ಅವಳ ಅಂಚೆ ಕಾರನ್ನೂ ಅವನೇ ಕಟ್ಟಿಕೊಟ್ಟಿದ್ದ, ಅವಳನ್ನು ಅಂಚೆ ಕಚೇರಿಯ ತಕ್ಕಡಿಯ ಮೇಲೆ ನಿಲ್ಲಿಸಿ ತೂಗಿ. ಎಪ್ಪತ್ತು ಕಿಲೋ. “ನನ್ನ ಮೇಲೂ ಸ್ಟಾಂಪ್ ಅಂಟಿಸಿ ಕಳಿಸಿಬಿಡು” ಅಂದಳಂತೆ ಲೆಂಪಿ. ವರ್ಷಗಟ್ಟಲೆ ಈ ಮಾತನ್ನು ಹೇಳಿಕೊಂಡು ನಗುತ್ತಿದ್ದೆವು.

೧೯೯೭ರಲ್ಲಿ ಒನ್ನಿ ತೀರಿಹೋದ. ಐದು ವರ್ಷದ ಮೇಲೆ ಲೆಂಪಿಯ ಬೆನ್ನೆಲುಬಿಗೆ ಕ್ಯಾನ್ಸರ್ ಇಳಿಯಿತು. ಚಿಕಿತ್ಸೆಗೆ ವಾರಕ್ಕೊಂದು ಸಲ ಯುವಾಸ್ಕ್ಯುಲಾ ನಗರದ ಆಸ್ಪತ್ರೆಗೆ ಹೋಗಬೇಕು. ಮಾರ್ಚ್ ಕಳೆದು ಏಪ್ರಿಲ್, ರಸ್ತೆಯ ಒಡಲೊಳಗಿನ ಮಂಜುಗಡ್ಡೆ ಕರಗಿ ನೆಲ ಉಬ್ಬಿ ಕುಸಿಯುವ ಕಾಲ. ಹದಿನೆಂಟು ಕಿಲೋಮೀಟರ್ ಜಲ್ಲಿ ದಾಟಿದರೆ ಟಾರು. ಆ ಹದಿನೆಂಟನ್ನು ಲೆಂಪಿ ಹಲ್ಲು ಕಚ್ಚಿ, ತುಟಿಯಲ್ಲಿ ರಕ್ತ ಬರಿಸಿಕೊಂಡು ದಾಟುತ್ತಿದ್ದಳು. ಮೂರನೆಯ ವಾರ ಅವಳು ಹೇಳಿಬಿಟ್ಟಳು: “ಇನ್ನು ಹೋಗಲ್ಲ. ಸಾಯೋದು ಹೇಗೂ ಇದೆ, ರಸ್ತೇಲಿ ಯಾಕೆ ಸಾಯ್ಲಿ?”

ಮಾರನೆಯ ದಿನ ಬೆಳಿಗ್ಗೆ ಯಲ್ಮರಿ ನಮ್ಮ ಬಾಗಿಲಲ್ಲಿ ನಿಂತಿದ್ದ.

“ಒಂದು ವಾರ ಟೈಮ್ ಕೊಟ್ಟಿದಾಳೆ. ಕಾರು ಪೂರ್ತಿ ಬಿಚ್ತೀನಿ. ನಿನ್ನ ನೆಲಮಾಳಿಗೆ ಆಲೂಗಡ್ಡೆ ಬೇಕು. ನಮ್ದು ತೆಗೆದ್ರೆ ಅವಳಿಗೆ ಗೊತ್ತಾಗುತ್ತೆ.”

“ಎಷ್ಟು ಬೇಕು?”

“ಎಪ್ಪತ್ತು ಕಿಲೋ.”

ನಾನು ಅವನ ಮುಖ ನೋಡಿದೆ. ಅವನು ನನ್ನ ಬೆಕ್ಕನ್ನು ನೋಡುತ್ತಿದ್ದ. ಕರುವಿನ ಮೇವು ತೂಗುವ ತಕ್ಕಡಿಯಲ್ಲಿ ಎಪ್ಪತ್ತು ತೂಗಿ ಕೊಟ್ಟೆ.

ನಾಲ್ಕು ದಿನ ಅವನು ಕಾರಿನ ಅಡಿಯಿಂದ ಎದ್ದು ಬರಲಿಲ್ಲ. ನಾಲ್ಕೂ ಶಾಕ್ ಬಿಚ್ಚಿ ಒಳಗಿನ ತೆಳು ಬಿಲ್ಲೆಗಳನ್ನು ಒಂದೊಂದಾಗಿ ಬದಲಿಸಿದ, ಎಣ್ಣೆ ಬದಲಿಸಿದ. ಒಣಗಿ ಸೀಳಿದ್ದ ರಬ್ಬರ್ ಬುಷ್‌ಗಳನ್ನೆಲ್ಲ ಕಿತ್ತು ಹೊಸದು ಕೂರಿಸಿದ. ಪಕ್ಕದ ಸೀಟಿನ ಅಡಿಗೆ, ನನ್ನನ್ನು ಕೇಳಿ, ಒನ್ನಿಯ ಹಳೆಯ ಗ್ರೇಡರ್ ಸೀಟಿನ ಸ್ಪ್ರಿಂಗ್ ಹಾಕಿದ. ಚೀಲವನ್ನು ಆ ಸೀಟಿನ ಮೇಲೆ ಕೂರಿಸಿ ಪಟ್ಟಿ ಕಟ್ಟಿದ. ನಾನು ಹಿಂದೆ ಬಟ್ಟಲು ಹಿಡಿದು ಕೂತೆ. ನಾಲ್ಕನೆಯ ದಿನ ಸಂಜೆ ಮಜ್ಜಿಗೆ ಒಂದು ತೊಟ್ಟು ಚೆಲ್ಲಲಿಲ್ಲ.

ಐದನೆಯ ದಿನ ಲೆಂಪಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಬಂದ. ಅವನು ಕಾರಿಂದ ಇಳಿದ ರೀತಿ ನೋಡಿಯೇ ನನಗೆ ತಿಳಿಯಿತು. ಅವಳು ಮೊದಲಿನ ಹಾಗೇ ನರಳಿದ್ದಳು.

“ಅರ್ಥ ಆಗ್ತಿಲ್ಲ ಸೈಮಾ. ಚೀಲ ಅಲ್ಲಾಡಲ್ಲ. ಅವಳು ಕೂತ್ರೆ ಕುಕ್ಕುತ್ತೆ.”

ಮರುದಿನ ಅವನು ಯಾವುದೋ ಬೋಲ್ಟ್ ತರಲು ಅಂಗಡಿಗೆ ಹೋಗಿದ್ದಾಗ ನಾನು ಏಲಕ್ಕಿ ಬ್ರೆಡ್ಡು ತೆಗೆದುಕೊಂಡು ಲೆಂಪಿಯ ಹತ್ತಿರ ಹೋದೆ. ಹೊದಿಕೆಯ ಕೆಳಗೆ ಅವಳು ಇದ್ದಾಳೋ ಇಲ್ಲವೋ ಎನ್ನುವ ಹಾಗಿದ್ದಳು. ಕಣ್ಣು ಮಾತ್ರ ಹಳೆಯ ಲೆಂಪಿಯದು.

“ನನ್ನ ಸವತಿ ಹೇಗಿದಾಳೆ?”

“ಯಾರೇ?”

“ಅದೇ ಕಣೇ, ನಿನ್ನ ಆಲೂಗಡ್ಡೆ. ಕಿಟಕಿಯಿಂದ ಕಾಣಲ್ವಾ? ದಿನಾ ಅವಳನ್ನ ಕೂರಿಸ್ಕೊಂಡು ಸುತ್ತಾಡ್ತಾನೆ. ಎಷ್ಟಿದಾಳೆ ಅವಳು?”

“ಎಪ್ಪತ್ತು.”

ಲೆಂಪಿ ನಗಲು ಹೋಗಿ ನೋವಿಗೆ ತಡೆದಳು. “ನಿನ್ನೆ ಆಸ್ಪತ್ರೆ ತಕ್ಕಡೀಲಿ ನಲವತ್ನಾಲ್ಕು ಬಂತು. ನರ್ಸು ಗಟ್ಟಿಯಾಗಿ ಓದೋ ಹೊತ್ತಿಗೆ ಸರಿಯಾಗಿ ಇವನು ಹೊರಗೆ ಹೋದ, ಕಾರಿಗೆ ಬೀಗ ಹಾಕಿದೀನಾ ನೋಡ್ಬೇಕು ಅಂತ.” ಹೊದಿಕೆಯನ್ನು ಕತ್ತಿನ ತನಕ ಎಳೆದುಕೊಂಡು ಹೇಳಿದಳು, “ಎಪ್ಪತ್ತು ಕಿಲೋ ಲೆಂಪಿಗೆ ಕಾರು ಕಟ್ಟಿದಾನೆ. ಆ ಕಾರು ತುಂಬ ಚೆನ್ನಾಗಿದೆ. ಅವಳಿಗೆ.”

“ನೀನೇ ಹೇಳ್ಬಾರ್ದಾ?”

“ನಾನು ಹೇಳಿದ್ರೆ ಅವನು ಕೇಳಿಸ್ಕೋಬೇಕಾಗುತ್ತೆ. ನೀನು ಚೀಲದಿಂದ ಇಪ್ಪತ್ತಾರು ಕಿಲೋ ತೆಗೆದುಬಿಡು. ಏನೂ ಹೇಳ್ಬೇಡ. ಕಾರು ಹೇಳುತ್ತೆ.”

ಅದೇ ಮಧ್ಯಾಹ್ನ, ಅವನು ವಾಪಸು ಬರುವ ಮುಂಚೆ, ಕೊಟ್ಟಿಗೆಯಲ್ಲಿದ್ದ ಕಾರಿನ ಸೀಟಿಗೆ ಅವನು ಮತ್ತೆ ಕಟ್ಟಿಟ್ಟಿದ್ದ ಚೀಲದಿಂದ ತೆಗೆದೆ. ಕಳ್ಳಿಯ ಹಾಗೆ ಬಾಗಿಲ ಕಡೆ ನೋಡುತ್ತ ಒಂದೊಂದೇ ಗಡ್ಡೆ ತಕ್ಕಡಿಗೆ ಹಾಕಿದೆ. ಮೇಲ್ಭಾಗ ಖಾಲಿಯಾದ ಚೀಲ ಸೀಟಿನಲ್ಲಿ ತಲೆ ಬಗ್ಗಿಸಿದ ಹಾಗೆ ಕೂತಿತ್ತು.

ಮರುದಿನ ನಾನು ಕೊಟ್ಟಿಗೆಯಲ್ಲಿದ್ದಾಗ ಯಲ್ಮರಿ ಬಂದು, ಚೀಲ ಕೂತಿದ್ದ ಬಲಗಡೆಯ ಮುಂದಿನ ಗಾಲಿಯ ಮುಂದೆ ಕುಕ್ಕರಗಾಲಲ್ಲಿ ಕೂತ. ಟೈರಿಗೂ ಮಡ್‌ಗಾರ್ಡಿಗೂ ನಡುವೆ ಬೆರಳಿಟ್ಟು ಅಳೆಯುವುದು ಅವನ ರೂಢಿ. ಇಟ್ಟ, ತೆಗೆದ, ಮತ್ತೆ ಇಟ್ಟ. ಕಾರು ಆ ಕಡೆ ಎದ್ದು ನಿಂತಿತ್ತು. ಆಮೇಲೆ ಎದ್ದು ಕಿಟಕಿಯಿಂದ ಚೀಲವನ್ನು ನೋಡಿದ. ಬಹಳ ಹೊತ್ತು ನೋಡಿದ. ನನ್ನ ಕಡೆ ತಿರುಗಲೇ ಇಲ್ಲ.

“ಆ ಚೀಲ ಸ್ವಲ್ಪ ಇಳಿಸಿಡ್ತೀಯಾ ಸೈಮಾ? ಸೀಟು ಬಿಚ್ಬೇಕು.”

ಅಷ್ಟು ದಿನ ಅದನ್ನು ನನಗೆ ಎತ್ತಲು ಬಿಟ್ಟವನಲ್ಲ. ಇಳಿಸಿಟ್ಟೆ. ಅವನು ಜ್ಯಾಕ್ ಏರಿಸಿ, ಹಾಕಿದ್ದನ್ನೆಲ್ಲ ಮತ್ತೆ ಬಿಚ್ಚತೊಡಗಿದ. ಗ್ರೇಡರಿನ ಗಟ್ಟಿ ಸ್ಪ್ರಿಂಗ್ ತೆಗೆದು, ಎಲ್ಲಿಂದಲೋ ತಂದ ಸಣ್ಣ ಸ್ಪ್ರಿಂಗ್ ಕೂರಿಸಿದ. ಚೀಲ ಮತ್ತೆ ಒಳಗಿಡುವಾಗಲೂ ನನ್ನನ್ನೇ ಕರೆದ.

ಮುಂದಿನ ಚಿಕಿತ್ಸೆಯ ಗುರುವಾರ ಲೆಂಪಿ ಮುಂದೆ ಕೂತಳು, ನಾನು ಹಿಂದೆ ಬಟ್ಟಲು ಹಿಡಿದು. ಗಿರಣಿ ದಾಟಿತು, ಒನ್ನಿ ಬಿಟ್ಟುಕೊಟ್ಟಿದ್ದ ಆ ಕೆಟ್ಟ ದಾರಿ ಬಂತು. ಕೆಳಗೆ ಗಾಲಿಗಳು ಕುಣಿಯುವ ಸದ್ದು ಕೇಳುತ್ತಿತ್ತು, ನಮಗೆ ತಟ್ಟುತ್ತಿರಲಿಲ್ಲ. ತಿರುವಿನಲ್ಲಿ ಕಾರು ವಾಲಲೂ ಇಲ್ಲ. ಸರೋವರ ದಾಟುವಾಗ ಲೆಂಪಿಯ ತಲೆ ಪಕ್ಕಕ್ಕೆ ಜಾರಿತು. ಬಗ್ಗಿ ನೋಡಿದರೆ, ನಿದ್ದೆ. ಬಾಯಿ ತೆರೆದು, ಚಿಕ್ಕ ಮಗುವಿನ ಹಾಗೆ. ಟಾರು ರಸ್ತೆ ಮುಟ್ಟಿದ ಮೇಲೆ ಯಲ್ಮರಿ ಕಾರು ನಿಲ್ಲಿಸಿ ಇಳಿದ. ಟೈರು ನೋಡುವವನ ಹಾಗೆ ಬೆನ್ನು ತಿರುಗಿಸಿ ನಿಂತ. ಟೈರು ಕೆಳಗಿತ್ತು, ಅವನ ಕಣ್ಣು ಕಾಡಿನ ಕಡೆಗಿತ್ತು.

ಲೆಂಪಿ ಇನ್ನೂ ಏಳು ಸಲ ಹೋಗಿಬಂದಳು, ಏಳೂ ಸಲ ನಿದ್ದೆ ಮಾಡಿದಳು. ಮೊದಲ ಹಿಮ ಬೀಳುವ ಮುಂಚೆ ತೀರಿಕೊಂಡಳು.

ಆ ಕಾರಿನ ಸ್ಪ್ರಿಂಗನ್ನು ಅವನು ಮತ್ತೆ ಮುಟ್ಟಲಿಲ್ಲ. ಸೀಟು ಖಾಲಿ ಇದ್ದರೆ ಕಾರು ಸೊಟ್ಟಗೆ ಹೋಗುತ್ತದೆ ಎಂದು ಚೀಲವನ್ನು ಕೂರಿಸಿಕೊಂಡೇ ಓಡಾಡುತ್ತಿದ್ದ. ಜನ ನಗುತ್ತಿದ್ದರು. ಪ್ರತಿ ಸೆಪ್ಟೆಂಬರಿನಲ್ಲಿ ನಮ್ಮ ಹೊಲದ ಹತ್ತಿರ ಬಂದು ನಿಲ್ಲಿಸಿ, “ಹೊಸದು ತುಂಬಿಸಿಡು” ಎನ್ನುತ್ತಿದ್ದ. ನಾನು ತೂಗಿ, ತುಂಬಿ, ಸೀಟಿನಲ್ಲಿ ಕೂರಿಸುವ ತನಕ ಸರೋವರದ ಕಡೆ ನೋಡುತ್ತ ನಿಂತಿರುತ್ತಿದ್ದ. ಹನ್ನೊಂದು ವರ್ಷ ಹೀಗೇ ನಡೆಯಿತು. ಒಂದು ದಿನವೂ ಅವನು ಆ ಚೀಲಕ್ಕೆ ಕೈ ಹಾಕಲಿಲ್ಲ.

ಕೊನೆಗೆ ಅವನನ್ನು ವೃದ್ಧರ ವಾರ್ಡಿಗೆ ಸೇರಿಸಿದರು. ಕಣ್ಣು ಮಂಜಾಗಿತ್ತು. ಒಂದು ಭಾನುವಾರ ನಾನು ಕಾಫಿ ಕುಡಿಸಿ ಬಟ್ಟಲು ಒರೆಸುತ್ತಿದ್ದೆ. ಅವನು ನನ್ನ ಮಣಿಕಟ್ಟು ಹಿಡಿದುಕೊಂಡ. ಬೆರಳುಗಳು ಇನ್ನೂ ಬಲವಾಗಿದ್ದವು.

“ಕಾರು ಒಂದು ಬೆರಳು ಮೇಲೆದ್ದಿತ್ತು ಅವತ್ತು” ಎಂದ. “ಒಂದು ಬೆರಳು ಅಂದ್ರೆ ಎಷ್ಟು ಅಂತ ಲೆಕ್ಕ ಹಾಕೋಕೆ ನನಗೆ ಬರ್ತಿತ್ತು. ಹಾಕ್ಲಿಲ್ಲ. ಚೀಲ ಎತ್ತಿದ್ರೆ ಕೈಗೇ ಗೊತ್ತಾಗ್ತಿತ್ತು. ಎತ್ಲಿಲ್ಲ.”

ನಾನು ಬಟ್ಟಲು ಕೆಳಗಿಟ್ಟೆ.

“ಈಗ ಹೇಳು ಸೈಮಾ. ನನ್ನ ಲೆಂಪಿ ಎಷ್ಟು ಕಿಲೋ ಕಮ್ಮಿ ಆಗಿದ್ಲು?”